ಬದಲಿ

ನಾಳೆ ಮಂಡಿಯಲ್ಲಿ ಮೆಕ್ಕೆಜೋಳದ ಟೆಂಡರು ನಡೆಯುವಾಗಲೇ
ಸರ್ವರು ಬದಲಿಸಬೇಕು. ಇವತ್ತು ತಾಲೀಮು.
ನಾನೇ ಹುಟ್ಟಿಸಿದ ನಲವತ್ತೊಂದು ಖೋಟಾ ಖರೀದಿದಾರರು
ಅರ್ಧ ಬರೆದ ದರಗಳ ಮುಂದೆ ಕೂತಿದ್ದಾರೆ.
ಅವರನ್ನು ಬೈಟುಗಳಾಗಿ ಮಡಚಿ ಡಿಸ್ಕಿಗಿಳಿಸಿ
ಆಚೆಯ ಸರ್ವರಿನಲ್ಲಿ ಬಿಚ್ಚಿ ಕೂರಿಸಬೇಕು,
ಎದ್ದು ಕೂತದ್ದು ಅವರಿಗೇ ತಿಳಿಯದಂತೆ.

ಹೆಸರು ಮಡಚಿತು. ಅಂಗಡಿ ನಂಬರು ಮಡಚಿತು.
ಕ್ವಿಂಟಾಲು, ತೇವಾಂಶ ಹದಿನಾಲ್ಕು,
ಎಲ್ಲ ಸೆರಗಿನ ಗಂಟಿನಷ್ಟಾಯಿತು.
ಆಮೇಲೆ ಕೆಂಪು ಸಾಲು:
ಇದು ಮಡಚುವಂಥದ್ದಲ್ಲ.

ತಪ್ಪು ನನ್ನದೇ. ಎರಡು ವರ್ಷದ ಹಿಂದೆ
ಸೆಷನ್ನಿನ ಜೇಬಿಗೆ ಇಡೀ ದರ-ಸೇವೆಯನ್ನೇ ತುರುಕಿದ್ದೆ,
ಬೆನ್ನಿಗೆ ಡೇಟಾಬೇಸಿನ ಜೀವಂತ ಕನೆಕ್ಷನ್ನು.
ಹರಿಯುವ ನಲ್ಲಿಯನ್ನು ಟ್ರಂಕಿಗೆ ಹಾಕಿ
ಬೀಗ ಜಡಿದ ಹಾಗೆ.

ಬಾಗಿಲು ಹಾಕಲು ಬಂದ ಅಂಜಿನಪ್ಪ,
ಒಂದು ಕೈಲಿ ಟಾರ್ಚು, ಒಂದು ಕೈಲಿ ಮಂಡಕ್ಕಿ ಪೊಟ್ಟಣ.
"ಇನ್ನೂ ಏನ್ ಹುಡುಕ್ತೀರಿ ಮೇಡಂ?"
"ಒಬ್ಬ ಬದಲಿ ಬೇಕು. ಖುದ್ದು ಆಸಾಮಿಯನ್ನ ಕಳಿಸೋಕಾಗಲ್ಲ.
ಅವನ ಹೆಸರಿನ ಚೀಟಿ ಹಿಡಿದೋನು ಹೋಗ್ತಾನೆ.
ಅಲ್ಲಿ ಯಾರಾದ್ರೂ ಕೆಲಸ ಹೇಳಿದಾಗ
ಆ ಊರಿನ ಆಸಾಮಿಯನ್ನ ಕೂಗಿ ಕರೀತಾನೆ."

ಅಂಜಿನಪ್ಪ ಸ್ಟೂಲೆಳೆದು ಕೂತ.
"ಹನ್ನೊಂದು ವರ್ಷ ಅದೇ ಕೆಲಸ ನಂದು. ಕಾಟನ್ ಮಿಲ್ಲಿನಾಗೆ ಬದಲಿ.
ಬೆಳಿಗ್ಗೆ ಆರಕ್ಕೆ ಗೇಟಿನ ತಾವ ನಿಲ್ಲೋದು,
ಯಾರು ಬಂದಿಲ್ವೋ ಅವ್ರ ಬಿಲ್ಲೆ ನಮ್ಮ ಕೈಗೆ.
ಒಂದಿನ ಮೈಲಾರಪ್ಪ, ಒಂದಿನ ಖಾದರ್ ಸಾಬ್ರು.
ಜಾಬರ್ ಆ ಹೆಸರಿಂದ್ಲೇ ಕೂಗೋನು, ನಾನು ಓ ಅನ್ನೋನು.
ಒಂದ್ಸಲ ನಮ್ಮವ್ವ ಸಂತ್ಯಾಗೆ ಅಂಜಿನಿ ಅಂತ ಕೂಗಿದ್ರೆ
ತಿರುಗೇ ನೋಡ್ಲಿಲ್ಲ."

ನಾನು ಸೇವೆಯನ್ನು ಜೇಬಿನಿಂದ ತೆಗೆದೆ.
ಆ ಜಾಗದಲ್ಲಿ ಪ್ರಾಕ್ಸಿ: ಒಂದು ಹೆಸರು, ಬೇರೇನೂ ಇಲ್ಲ.
ಮತ್ತೆ ಓಡಿಸಿದೆ. ಕೆಂಪು ಬರಲಿಲ್ಲ.
ಆಚೆ ಕಡೆ ನಲವತ್ತೊಂದು ಗಂಟು ಬಿಚ್ಚಿದವು,
ಹದಿನೇಳನೇ ಲಾಟಿನವನು
ನಿಲ್ಲಿಸಿದ್ದ ಅಂಕಿಯ ಪಕ್ಕಕ್ಕೆ ಇನ್ನೊಂದು ಅಂಕಿ ಒತ್ತಿದ.
ಬದಲಿ ಕೂಗಿತು. ಒಳಗಿಂದ ಓ ಎಂದಿತು.

"ಕೂಗಿದಾಗ ಅಲ್ಲಿ ಯಾರೂ ಇಲ್ದಿದ್ರೆ?"
"ಎಕ್ಸೆಪ್ಷನ್."
"ಹಂಗಂದ್ರೆ?"
ನನ್ನ ಬಾಯಿಗೆ ಕನ್ನಡ ಬರಲಿಲ್ಲ.

ಅವನು ಕೀ ಗೊಂಚಲು ಟಾರ್ಚಿಗೆ ಹಿಡಿದ.
ಕೀಗಳ ನಡುವೆ ಹಿತ್ತಾಳೆ ಬಿಲ್ಲೆ, ಸವೆದ ೩೧೮.
"ಮಿಲ್ಲು ಮುಚ್ಚಿದ ದಿನ ನನ್ನ ಕೈಯಾಗಿತ್ತು.
ಖಾದರ್ ಸಾಬ್ರಿಗೆ ಲೆಕ್ಕ ಚುಕ್ತಾ ಮಾಡಿದ್ರು, ಹೆಸರಿತ್ತಲ್ಲ.
ಇದನ್ನ ಯಾರೂ ವಾಪಸ್ ಕೇಳ್ಲಿಲ್ಲ."

ಪೊಟ್ಟಣ ನನ್ನ ಕಡೆ ಸರಿಸಿದ.
"ಮಂಡಕ್ಕಿ ತಗೋರಿ. ಮೆತ್ತಗಾಗ್ತಾವೆ."