ರೀಕ್

ಗುರುವಾರ ಸಂಜೆ ಆರೂವರೆ. ಪೀಟರ್‌ಹೆಡ್ ಬಂದರಿನ
ಹಿಂದಿನ ಬೀದಿ, ಚರ್ಚಿನ ಹಾಲು.
ಇರುವುದೊಂದೇ ಹೀಟರು; ಅದಕ್ಕೆ ಬೆನ್ನು ಕೊಟ್ಟವರು
ಬೇಗ ಬಂದವರು.
ಸ್ಕೈದ್ರೀತೆ ಮಾತ್ರ ಯಾವತ್ತೂ ಕಿಟಕಿಯ ಪಕ್ಕ,
ಕಿಟಕಿ ಬೆರಳಗಲ ತೆರೆದೇ.
ಕೇಳಿದರೆ ಸೆಕೆ ಅನ್ನುತ್ತಾಳೆ,
ಫೆಬ್ರವರಿಯಲ್ಲಿ.

ಹತ್ತು ಗಂಟೆ ಹ್ಯಾಡಕ್ ಮೀನಿನ ಮುಳ್ಳು ಬಿಡಿಸಿದ ಕೈ.
ನಿಂಬೆಹೋಳಿನಿಂದ ಉಜ್ಜಿದ್ದಾಯಿತು, ಟೂತ್‌ಪೇಸ್ಟಿನಿಂದ,
ಯಾರೋ ಹೇಳಿದರೆಂದು ಸ್ಟೀಲಿನ ಚಮಚೆಯಿಂದಲೂ.
ಉಗುರಿನ ಸಂದು ಮಾತ್ರ ಇನ್ನೂ
ಸಮುದ್ರದ ಕಡೆಯದೇ.

ಯೂನಾ ಬುಕನ್ ಟೀಚರು ಬೋರ್ಡಿನ ಮೇಲೆ
ಏಣಿಯೊಂದನ್ನು ಬರೆದರು.
ನಡುವೆ ಸ್ಮೆಲ್. ಪಾಪ, ಯಾವ ಪಕ್ಷಕ್ಕೂ ಸೇರದ್ದು;
ಆದರೂ ಮನುಷ್ಯರ ಬೆನ್ನಿಗೆ ಅಂಟಿಸಿದರೆ ಬೈಗುಳ.
ಅದರ ಮೇಲೆ ಸೆಂಟ್. ನಮ್ಮಲ್ಲದು ಶೀಷೆಯೊಳಗಿನದು,
ಅಲ್ಲಿ ಬೇಟೆನಾಯಿ ಹಿಂಬಾಲಿಸುವುದೂ ಅದನ್ನೇ.
ಅರೋಮಾ, ಬ್ರೆಡ್ಡು ಬಾಯಿಗೆ ಬರುವ ಮೊದಲಿನದು.
ಫ್ರೇಗ್ರೆನ್ಸ್ ತುತ್ತತುದಿಗೆ, ಬೆಲೆಚೀಟಿ ಸಮೇತ.
ಕೆಳಗೆ ಓಡರ್: ಕೋಟು ತೊಟ್ಟ ದುರ್ವಾಸನೆ,
ಆಫೀಸಿನ ನೋಟೀಸಿನಲ್ಲಿ ಮಾತ್ರ ಬಾಯಿ ಬಿಡುತ್ತದೆ.
ಸ್ಟಿಂಕ್ ಕೂಗಿ ಹೇಳುತ್ತದೆ.
ಕೊಟ್ಟಕೊನೆಗೆ, ನೆಲಕ್ಕೆ ತಾಗಿದಂತೆ, ರೀಕ್.
ತೊಳೆದರೂ ಹೋಗದೆ ಜೊತೆಗೇ ಬರುವ ನಾತ.

(ಇದನ್ನು ಬರೆಯುತ್ತಿರುವ ನನಗೂ ಪೇಚು.
ಕಂಪು, ಘಮ, ಕಮಟು, ಮುಗ್ಗಲು, ಗಬ್ಬು:
ನನ್ನ ಏಣಿಯೇನು ಗಿಡ್ಡದ್ದಲ್ಲ.
ಆದರೆ ಸೊಗಡನ್ನು ಎಲ್ಲಿ ನಿಲ್ಲಿಸಲಿ?
ಅವರೆಕಾಯಿಯದಾದರೆ ಮೇಲೆ, ಒದ್ದೆ ಕಂಬಳಿಯದಾದರೆ ಕೆಳಗೆ.
ನರುಗಂಪಿನ ನರುವೂ ನಾತವೂ ಒಂದೇ ತಾಯಿಯವು ಇದ್ದಾವು;
ಒಂದು ಹೂವಿನ ಮನೆಗೆ ಹೋಯಿತು,
ಇನ್ನೊಂದು ಚರಂಡಿಗೆ.)

ಸ್ಕೈದ್ರೀತೆಯ ಪೆನ್ನು ನಿಂತಿತು.
ಸೋಮವಾರದ ಬಸ್ಸು. ಯೂನಿಫಾರ್ಮಿನ ಹುಡುಗಿ
ಮೂಗಿಗೆರಡು ಬೆರಳು ಹಿಡಿದು ಗೆಳತಿಗೆ ಹೇಳಿದ್ದು:
ಶೀ ರೀಕ್ಸ್.
ಲಾಟ್ವಿಯಾದ ಕಿವಿಗೆ ರೀಕ್ಸ್ ಎಂದರೆ ಹತಾರ,
ಕೈಗೆ ಒದಗುವ ಉಪಕರಣ.
ಚೀಲದಲ್ಲಿದ್ದ ಮೀನುಕತ್ತಿಯ ಹಿಡಿ ಕಂಡಿರಬೇಕು,
ಎಂಥ ಚುರುಕು ಮಗು ಅಂದುಕೊಂಡು
ಅವಳತ್ತ ನಕ್ಕಿದ್ದಳು.
ಇಳಿಯುವಾಗ ಕೈ ಬೀಸಿದ್ದಳು ಕೂಡ.

ಈಗ, ಮೂರು ದಿನ ತಡವಾಗಿ,
ಆ ನಗು ಮುಖಕ್ಕೆ ವಾಪಸು ಬಂತು.
ಕಿಟಕಿಯನ್ನು ಇನ್ನೊಂದು ಬೆರಳು ತೆರೆದಳು.

ಕುರ್ಚಿ ಜೋಡಿಸಲು ಬಂದ ಡಾಡ್, ಹಾಲಿನ ಜವಾನ,
ಬೋರ್ಡು ನೋಡಿ ಪೊರಕೆಗೆ ಗದ್ದ ಊರಿದ.
"ಯೂನಾ, ಅದನ್ನು ಅಲ್ಲಿ ಯಾಕೆ ಬಿಸಾಕಿದೆ?
ನಮ್ಮಜ್ಜಿ ಕೇಳಿದ್ದರೆ ಪೊರಕೆ ನಿನಗೇ ಬೀಳುತ್ತಿತ್ತು.
ರೀಕ್ ಅಂದರೆ ಒಲೆಯ ಹೊಗೆ.
ಹೊಸವರ್ಷಕ್ಕೆ ನಾವು ಹರಸುವುದಿಲ್ಲವೇ,
ನಿನ್ನ ಚಿಮಣಿ ಬಹುಕಾಲ ರೀಕ್ ಆಗಲಿ ಅಂತ?"
"ಅದು ನಮ್ಮೂರ ಮಾತು ಡಾಡ್. ಇವರಿಗೆ ಪರೀಕ್ಷೆ ಇದೆ."
"ಇವರಿರುವುದು ಯಾವೂರಲ್ಲಿ ಮತ್ತೆ?"
ಎಂದವನೇ ದೀಪ ಆರಿಸಿದ. ಬೋರ್ಡು ಒರೆಸಲಿಲ್ಲ.

ಮನೆಗೆಲಸ: ಪದಕ್ಕೊಂದು ವಾಕ್ಯ.
ಅಡುಗೆಮನೆಯ ಮೇಜು, ರಾತ್ರಿ ಒಂದು ಗಂಟೆ.
ಅರೋಮಾಕ್ಕೆ ಕಾಫಿ, ಎಲ್ಲರಂತೆ.
ಫ್ರೇಗ್ರೆನ್ಸಿಗೆ, ಅಂಗಡಿಯಲ್ಲಿದೆ, ನನ್ನಲ್ಲಿಲ್ಲ.
ಸ್ಟಿಂಕಿಗೆ ಬಸ್ಸೆಂದು ಬರೆದು ಹೊಡೆದುಹಾಕಿ
ಸಾಕ್ಸು ಎಂದಳು.
ಕೊನೆಯದಕ್ಕೆ ಬಹಳ ಹೊತ್ತು ಹಿಡಿಯಿತು:
"ಶನಿವಾರ ನನ್ನ ಅಮ್ಮನ ಬಚ್ಚಲುಮನೆ ರೀಕ್ ಆಗುತ್ತದೆ.
ನಾವು ದೂರದ ರಸ್ತೆಯಿಂದಲೇ ಅದನ್ನು ನೋಡಿ
ಬೇಗ ಬೇಗ ನಡೆಯುತ್ತೇವೆ."

ಯೂನಾ ಟೀಚರ ಕೆಂಪು ಪೆನ್ನು
ಆ ಸಾಲಿನ ಮೇಲೆ ಸುಮ್ಮನೆ ನಿಂತಿತ್ತು.
ಪರೀಕ್ಷಕ ಇದನ್ನು ಒಪ್ಪುವುದಿಲ್ಲ. ಬೇರೆಯವರು
ಸ್ನಾನವೇ ಮಾಡದ ಮನೆ ಎಂದುಕೊಂಡಾರು.
ಸರಿ ಗುರುತು ಹಾಕಲಿಲ್ಲ,
ತಪ್ಪೂ ಹಾಕಲಿಲ್ಲ.
'ಶನಿವಾರ'ದ ಸ್ಪೆಲ್ಲಿಂಗಿನಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು,
ಅದನ್ನಷ್ಟು ಸೇರಿಸಿದರು.