ಒಂದೇ ಕೋಳಿ, ನಾಲ್ಕು ಸಾಲು

ಹಿಡಿ, ಚೆಪ್ಕೊರಿರ್. ಎರಡೂ ಕೈಯಲ್ಲಿ ಹಿಡಿ.
ರಟ್ಟು ಬಿಟ್ಟಿದೆ; ಹೊಲಿಗೆ ನನ್ನದೇ,
ಚಹಾದ ಗೋಣಿ ಹೊಲಿಯುವ ದಬ್ಬಳದ್ದು.
ಇಪ್ಪತ್ತಾರು ವರ್ಷದ ಹರಾಂಬೆ ಇದರೊಳಗಿದೆ,
ಊರೆಲ್ಲ ಕೂಡಿ ಎತ್ತಿದ ಹಣ:
ಔಷಧಾಲಯದ ತಗಡು, ಶಾಲೆಯ ಬೆಂಚು,
ಕಿಬೆತ್‌ನ ಮೂತ್ರಪಿಂಡ, ಹೊಳೆಯ ಕಾಲುಸೇತುವೆ.
ಸೇತುವೆ ಎರಡು ಸಲ ಬರುತ್ತದೆ.
ಮೊದಲನೆಯದನ್ನು ಹೊಳೆ ಒಯ್ದಿತು.

ಮೂರು ಕಲಂ. ಹೆಸರು. ಹೇಳಿದ್ದು. ಕೊಟ್ಟಿದ್ದು.
ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ನಡುವೆ
ಧಾರಾಳ ಜಾಗ ಬಿಡು.

ಜನವರಿಯಲ್ಲಿ ಇಡಬೇಡ. ಒಮ್ಮೆ ಇಟ್ಟಿದ್ದೆವು,
ಎಲ್ಲರ ಜೇಬನ್ನೂ ಶಾಲೆಯ ಶುಲ್ಕ ಮೊದಲೇ ತಡವಿತ್ತು.
ಅಕ್ಟೋಬರಿನಲ್ಲಿಡು, ಚಹಾ ಬೋನಸ್ ಬಂದ ವಾರ,
ಗಂಡಸರು ಪೇಟೆಗೆ ಇಳಿಯುವುದರೊಳಗೆ.
ಕಾರ್ಡಿನಲ್ಲಿ ಹತ್ತು ಗಂಟೆ ಅಂತ ಅಚ್ಚು ಹಾಕಿಸು,
ಅನ್ನಕ್ಕೆ ಎಸರಿಡುವುದು ಒಂದೂವರೆಗೆ.
ಮುಖ್ಯ ಅತಿಥಿ ಹೊತ್ತಿಗೆ ಸರಿಯಾಗಿ ಬಂದದ್ದು
ಪುಟ ನಲವತ್ತೊಂದರಲ್ಲಿ, ಒಂದೇ ಸಲ.
ಆಮೇಲೆ ತಿಳಿಯಿತು, ಬೇರೆ ಊರಿನ ಸಭೆಗೆ ಹೊರಟು
ದಾರಿ ತಪ್ಪಿ ಬಂದವರು.
ಆದರೂ ಎರಡು ಸಾವಿರ ಕೊಟ್ಟರು, ಪಾಪ.

ಎಣಿಕೆಗೆ ಮುಂಚೆ ಮುದುಕ ಬುಸಿಯೆನೈ ಕೈಗೆ
ಮೈಕು ಕೊಡಬೇಡ. ನಲವತ್ತು ನಿಮಿಷ!
ಎದ್ದು ಹೋದವರು ಹನ್ನೆರಡು ಮಂದಿ,
ಅವರ ಜೊತೆ ಎದ್ದು ಹೋದದ್ದು ಎಷ್ಟೋ.
ಅಂದಾಜು ಬರೆದಿಟ್ಟಿದ್ದೇನೆ, ಪೆನ್ಸಿಲಿನಲ್ಲಿ.

ಈಗ ಕೋಳಿಯ ವಿಷಯ.
ಎಲ್ಡೊರೆಟ್‌ನಿಂದ ಬಂದ ಲೆಕ್ಕಿಗ ಹುಡುಗ
ಕೆಂಪು ಶಾಯಿಯಲ್ಲಿ ಗೀಟೆಳೆದು ಕೇಳಿದ:
ಒಂದೇ ಕೋಳಿ ನಾಲ್ಕು ಸಲ ಮಾರುವುದು ಹೇಗೆ?
ಹೇಗೆಂದರೆ, ತಬಿಥಾಳ ಹತ್ತಿರ ನೋಟಿರಲಿಲ್ಲ,
ಕೋಳಿ ತಂದಳು.
ಪಾದ್ರಿ ಮುನ್ನೂರಕ್ಕೆ ಕೂಗಿ ಕೊಂಡು ತಿರುಗಿ ಕೊಟ್ಟರು.
ಹಾಲಿನ ಸಂಘದವರು ಐನೂರಕ್ಕೆ. ತಿರುಗಿ ಕೊಟ್ಟರು.
ಮಟಾಟು ಓಡಿಸುವ ಸೈಲಾಸ್, ಆರುನೂರು.
ಸಾವಿರಕ್ಕೆ ಯಾರೋ ನೈರೋಬಿಯಿಂದ, ಫೋನಿನಲ್ಲಿ,
ಕೋಳಿಯ ಮುಖವನ್ನೇ ನೋಡದೆ.
ಸಂಜೆ ಅದು ತಬಿಥಾಳ ಕಂಕುಳಲ್ಲೇ ಮನೆಗೆ ಹೋಯಿತು.
ನಾಲ್ಕು ಸಾಲು ಬರೆ.
ನಾಲ್ಕರಲ್ಲೂ ಮೊದಲು ಅವಳ ಹೆಸರು ಬರೆ.

ಪುಟ ಎಪ್ಪತ್ತೆಂಟಕ್ಕೆ ಬಂದಾಗ ಗಾಬರಿಯಾಗಬೇಡ.
ಆ ಅಕ್ಷರ ನನ್ನದಲ್ಲ. ಗೆರೆ ಸೊಟ್ಟ,
ಮೊತ್ತದಲ್ಲಿ ಸಾವಿರದ ನೂರು ತಪ್ಪಿದೆ.
ಆ ಸಲ ಕೂಡಿದ್ದು ನನ್ನ ಮಗನಿಗೆ.
ನಾನು ಆಸ್ಪತ್ರೆಯ ಬೆಂಚಿನ ಮೇಲಿದ್ದೆ,
ಪುಸ್ತಕ ಯಾರ ಕೈಯಲ್ಲಿತ್ತೋ ಇವತ್ತಿಗೂ ಕೇಳಿಲ್ಲ.
ಯಾರೋ ಇಪ್ಪತ್ತು ಶಿಲಿಂಗ್, ಯಾರೋ ಒಂದು ಹೊರೆ ಸೌದೆ.
ಬುಸಿಯೆನೈ ಎದುರಿಗೆ ಎಂಟುನೂರು,
ಪಕ್ಕದಲ್ಲಿ ಸಣ್ಣಗೆ: ಮಾತಾಡಲಿಲ್ಲ.
ಹುಡುಗ ಉಳಿಯಲಿಲ್ಲ. ಉಳಿದ ಹಣ ಸೇತುವೆಗೆ ಹೋಯಿತು,
ಎರಡನೆಯದಕ್ಕೆ. ಪುಟ ಎಪ್ಪತ್ತೊಂಬತ್ತು.
ಎಷ್ಟು ಸಲ ಕೂಡಿದರೂ ತಪ್ಪೇ ಬರುತ್ತದೆ.
ನಾನು ತಿದ್ದಿಲ್ಲ. ನೀನೂ ತಿದ್ದಬೇಡ.

ಇನ್ನೇನು? ಫೋನಿಗೆ ಬಂದ ಹಣದ ಸಂದೇಶ
ಅಂದೇ ನಕಲು ಮಾಡಿಕೋ, ಫೋನು ಕೆಸರಿಗೆ ಬೀಳುತ್ತದೆ.
ಇನ್ನೂರು ಕುರ್ಚಿ ಹೇಳು, ನೂರ ಎಂಬತ್ತು ಬರುತ್ತವೆ.
ಹೇಳಿ ಕೊಡದವರ ಹೆಸರು ಸಭೆಯಲ್ಲಿ ಓದಬೇಡ,
ಆದರೆ ಆ ಖಾನೆಗೆ ಗೀಟೂ ಹಾಕಬೇಡ.
ಒಬ್ಬ ಒಂಬತ್ತು ವರ್ಷದ ಮೇಲೆ ಬಂದು
ಬಾಗಿಲಲ್ಲೇ ನಿಂತು, ಪುಟ ತೆಗೆ, ಅಂದಿದ್ದ.

ತಬಿಥಾಳ ಮನೆಯಲ್ಲಿ ಕೋಳಿ ಕಾವಿಗೆ ಕೂತಿದೆಯಂತೆ.
ಅಕ್ಟೋಬರಿಗೆ ಎಷ್ಟಾದಾವು, ಕೇಳಿ ಬಾ.
ಪೆನ್ಸಿಲಿನಲ್ಲಿ ಬರೆದಿಡು.