ಹದಿನೇಳನೇ ನಿಮಿಷ

ಶ್ರೀರಾಮಪುರದ ಎರಡನೇ ಮಹಡಿ, ಕೆಳಗೆ ಹಿಟ್ಟಿನ ಗಿರಣಿ.
ಗಿರಣಿ ನಿಂತ ಮೇಲೆ, ರಾತ್ರಿ ಒಂಬತ್ತಕ್ಕೆ,
ನನ್ನ ಪಾಳಿ ಶುರು.
ಪರದೆಯಲ್ಲಿ ನಾರ್ವೆಯ ಯಾವುದೋ ಊರು,
ಹಿಮದ ಮೇಲೆ ಹುಡುಗಿಯ ಹೆಣ,
ಸುತ್ತ ನಾಲ್ಕು ಜನ, ಯಾರಿಗೂ ಮಾತಿಲ್ಲ.
ಮಾತಿಲ್ಲದಿದ್ದರೆ ನನಗೆ ಕಾಸಿಲ್ಲ.
ಸಾಲಿಗಿಷ್ಟು ಎಂದು ವಿಲ್ಫ್ರೆಡ್ ಸರ್ ಲೆಕ್ಕ.

ಒಂದು ಸಾಲಿಗೆ ಮೂವತ್ತು ಅಕ್ಷರ,
ಎರಡು ಸೆಕೆಂಡು ಆಯಸ್ಸು.
ಅವರು ಅಲ್ಲಿ ಗೊಣಗಿದ್ದು ಇಂಗ್ಲಿಷಿಗೆ ಹೋಗಿ
ಇಂಗ್ಲಿಷಿನಿಂದ ನನ್ನ ಕೈಗೆ ಬರುವಷ್ಟರಲ್ಲಿ
ಮೂರು ಮನೆ ಸುತ್ತಿದ ಹೆಪ್ಪಿನ ಹಾಗೆ
ಹುಳಿಯಷ್ಟೇ ಉಳಿದಿರುತ್ತದೆ.

'ನಿಮ್ಮ ನಷ್ಟಕ್ಕೆ ವಿಷಾದಿಸುತ್ತೇನೆ'
ಎಂದು ಬರೆದೆ ಮೊದಲು. ಅಳಿಸಿದೆ.
ನಷ್ಟ ಆಗುವುದು ಅಂಗಡಿಗೆ.
ಮಗಳನ್ನು ಕಳಕೊಂಡವಳ ಎದುರು ನಮ್ಮಲ್ಲಿ ಯಾರು ಏನು ಹೇಳುತ್ತಾರೆ?
ಪಕ್ಕದಲ್ಲಿ ಕೂರುತ್ತಾರೆ. ನೀರು ತಂದುಕೊಡುತ್ತಾರೆ.
'ಏನು ಹೇಳಲಿ ತಾಯಿ' ಎಂದು ಹಾಕಿದೆ, ಏಳೇ ಅಕ್ಷರ.
ಪರಿಶೀಲನೆಯವರು ವಾಪಸು ಕಳಿಸಿದರು:
ಮೂಲದಲ್ಲಿ ತಾಯಿ ಎಂಬ ಪದವಿಲ್ಲ.

ನಮ್ಮ ವಠಾರದ ಮಾಸ್ತಯ್ಯ
ಮೂವತ್ತು ವರ್ಷ ಠಾಣೆಯಲ್ಲಿ ರೈಟರ್.
ಕೆಳಗಿನ ಅಕ್ಷರ ನನ್ನದೆಂದು ಗೊತ್ತಾದಂದಿನಿಂದ
ಮೊಮ್ಮಗಳ ಟ್ಯಾಬಿಗೆ ಭೂತಗನ್ನಡಿ ಹಿಡಿದು ಇವನ್ನೇ ನೋಡುತ್ತಾರೆ.
'ಅಲ್ಲ ಸುಗುಣಮ್ಮ, ಒಂದು ಹೆಣಕ್ಕೆ ಹತ್ತು ಕಂತಾ?
ನಾನು ಹತ್ತು ಸಾಲು ಬರೆದಿದ್ರೆ
ಸಾಹೇಬ್ರು ಪೆನ್ನು ಕಿತ್ಕೊಳ್ತಿದ್ರು.
ಅಪರಿಚಿತ ಹೆಂಗಸು, ಅಂದಾಜು ಇಪ್ಪತ್ತೈದು,
ದುಂಡು ಮುಖ, ಎಣ್ಣೆಗೆಂಪು ಮೈಬಣ್ಣ,
ಬಲಗೈಯಲ್ಲಿ ಹಚ್ಚೆ, ವಾರಸುದಾರರು ಬಂದಿಲ್ಲ.
ಮುಗೀತು. ಮುಂದಿನ ಹಾಳೆ.'
ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು:
'ಆ ಪೊಲೀಸಿನವಳ ಜೀಪಿಗೆ ಡೀಸೆಲ್ ಯಾರು ಹಾಕಿಸ್ತಾರೆ?'

ಹೋದ ಶುಕ್ರವಾರ ವಿಲ್ಫ್ರೆಡ್ ಸರ್
ಆಮ್‌ಸ್ಟರ್‌ಡ್ಯಾಮಿನ ಕಚೇರಿ ಕಳಿಸಿದ ನಕ್ಷೆ ತೋರಿಸಿದರು.
ಬೆಂಗಳೂರಿನ ನೋಡುಗರೆಲ್ಲ ಸೇರಿ ಒಂದು ನೀಲಿ ಗೆರೆ.
ಮೂರನೇ ಕಂತಿನವರೆಗೂ ಚೆನ್ನಾಗಿ ನಡೆದು ಬಂದು
ಹದಿನೇಳನೇ ನಿಮಿಷದಲ್ಲಿ
ಮೆಟ್ಟಿಲು ತಪ್ಪಿದಂತೆ ಕೆಳಗೆ.
'ಇಲ್ಲಿ ಜನಕ್ಕೆ ಬೋರಾಗಿದೆ.
ಮುಂದಿನ ಸೀಸನ್ನಿಂದ ಇಂಥ ಜಾಗ ಕತ್ತರಿಸ್ತಾರಂತೆ.'

ತೆಗೆದು ನೋಡಿದೆ.
ಸುದ್ದಿ ಹೇಳಿದ ಪೊಲೀಸರು ಹೋಗಿದ್ದಾರೆ.
ತಾಯಿ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಾಳೆ.
ಒಂದು. ಎರಡು. ಮೂರು.
ನಾಲ್ಕನೆಯದನ್ನು ಕೈಗೆತ್ತಿಕೊಂಡವಳು
ಬುಟ್ಟಿಗೆ ವಾಪಸು ಹಾಕುತ್ತಾಳೆ.
ಎರಡು ನಿಮಿಷ, ಹನ್ನೊಂದು ಸೆಕೆಂಡು.
ನನ್ನ ಬಿಲ್ಲಿನಲ್ಲಿ ಅದು ಸೊನ್ನೆ.

ಭಾನುವಾರ ನಲ್ಲಿಯ ಹತ್ತಿರ ಕೊಡ ತುಂಬುತ್ತಿರುವಾಗ
ಕೇಳಿದೆ: ಎಷ್ಟನೇ ಕಂತು ಮಾಸ್ತಯ್ಯನೋರೆ?
'ಮೂರರಲ್ಲೇ ಇದೀನಿ.'
ಇನ್ನೂ?
'ದಿನಾ ಮೊದಲಿಂದ ಹಾಕ್ತೀನಿ. ಆ ಆಲೂಗಡ್ಡೆ ಹತ್ರ ಬಂದಾಗ
ಆಫ್ ಮಾಡಿ ಆಚೆ ಹೋಗಿ ನಿಂತ್ಕೋತೀನಿ.'
ಕೊಡ ತುಂಬಿ ಚೆಲ್ಲುತ್ತಿತ್ತು. ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.
'ಎಷ್ಟು ಮನೆಗೆ ಹೇಳೋಕೆ ಹೋಗಿದೀನಿ ನಾನು.
ಸೈನ್ ಹಾಕಿಸ್ಕೊಂಡು ಬರೋದು, ಅಷ್ಟೇ.
ಬಾಗಿಲು ಹಾಕ್ಕೊಂಡ ಮೇಲೆ ಒಳಗೆ
ಅವರು ಏನು ಮಾಡ್ತಿದ್ರು ಅಂತ
ಯಾರೂ ತೋರಿಸಿರಲಿಲ್ಲ.'

ಆ ನೀಲಿ ಗೆರೆಯಲ್ಲಿ ಮಾಸ್ತಯ್ಯ ಇದ್ದಾರೆ,
ದಿನಕ್ಕೊಂದು ಸಲ ಬಿಟ್ಟು ಹೋದವರಾಗಿ.
ಇದನ್ನು ಯಾರಿಗೆ ಬರೆಯಲಿ, ಎಷ್ಟು ಅಕ್ಷರದಲ್ಲಿ?

ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡೆ.
'ನೀನು ಪೂರ್ತಿ ನೋಡಿದೀಯಲ್ಲ, ಹೇಳು.
ಆಮೇಲೆ ಆ ಮೂರನ್ನ ಬೇಯಿಸಿದ್ಲಾ?'

ಬೇಯಿಸಿದಳು, ಎಂದೆ.
ಎಲ್ಲರೂ ಕೂತು ತಿಂದರು, ಎಂದೆ.

ಹತ್ತೂ ಕಂತು ನೋಡಿದ್ದೇನೆ.
ಅದು ಎಲ್ಲೂ ಇಲ್ಲ.